ಕೈತಪ್ಪಿದ ಮನೆಯನ್ನು ಕಾದಂಬರಿಯಲ್ಲಿ ಮರಳಿ ಕೊಟ್ಟ ಪ್ರೀತಿ

ವರ್ಜೀನಿಯಾ ವುಲ್ಫ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಎರಡೇ. ಬರೆಯುವ ಹೆಣ್ಣಿಗೆ ತನ್ನದೇ ಒಂದು ಕೋಣೆ ಬೇಕು ಅನ್ನೋ ವಾದ, ಆಮೇಲೆ ಆಕೆಯ ಆತ್ಮಹತ್ಯೆ. ಇವತ್ತು ಎರಡನ್ನೂ ಪಕ್ಕಕ್ಕಿಟ್ಟು, ಆಕೆ ಪ್ರೀತಿಸಿದ ಒಬ್ಬ ಹೆಣ್ಣಿನ ಬಗ್ಗೆ ಮಾತಾಡೋಣ. ಯಾಕಂದ್ರೆ ಆ ಪ್ರೀತಿ ಇಲ್ಲದಿದ್ದರೆ ‘ಓರ್ಲ್ಯಾಂಡೋ’ ಅನ್ನುವ ಕಾದಂಬರಿಯೇ ಇರ್ತಿರಲಿಲ್ಲ.

1922ರ ಡಿಸೆಂಬರ್. ಲಂಡನ್ನಿನ ಒಂದು ರಾತ್ರಿ ಊಟದಲ್ಲಿ ವರ್ಜೀನಿಯಾಗೆ ವೀಟಾ ಸ್ಯಾಕ್‌ವಿಲ್-ವೆಸ್ಟ್ ಪರಿಚಯ ಆಗ್ತಾರೆ. ಇವರಿಗೆ 40, ಅವರಿಗೆ 30. ಇಬ್ಬರಿಗೂ ಮದುವೆಯಾಗಿತ್ತು. ವೀಟಾ ಕೂಡ ಲೇಖಕಿ. ವುಲ್ಫ್ ದಂಪತಿಯ ಹೋಗಾರ್ತ್ ಪ್ರೆಸ್ 1924ರಲ್ಲಿ ಅವರ ಪುಸ್ತಕ ಪ್ರಕಟಿಸಿತು. ಸ್ನೇಹ ನಿಧಾನವಾಗಿ ಪ್ರೇಮವಾಯ್ತು.

ಈಗ ಆಸ್ತಿ ವಿಷಯ. ಬಿ.ಕಾಂ. ಓದಿದ ನನಗೆ ಆಸ್ತಿ ಅಂದ್ರೆ ಕಿವಿ ನೆಟ್ಟಗಾಗುತ್ತೆ! ವೀಟಾ ಹುಟ್ಟಿ ಬೆಳೆದಿದ್ದು ಕೆಂಟ್ ಪ್ರಾಂತ್ಯದ ನೋಲ್ ಅನ್ನುವ ಅರಮನೆಯಂಥ ಮನೆಯಲ್ಲಿ. ತಂದೆತಾಯಿಗೆ ಒಬ್ಬಳೇ ಮಗಳು. ಆದರೆ ಆ ಮನೆ ಹೋಗಬೇಕಾದ್ದು ಗಂಡು ವಾರಸುದಾರನಿಗೆ. 1928ರ ಜನವರಿಯಲ್ಲಿ ಅಪ್ಪ ತೀರಿಕೊಂಡಾಗ ಮನೆ ಚಿಕ್ಕಪ್ಪನ ಪಾಲಾಯ್ತು. ಹೆಣ್ಣಾಗಿ ಹುಟ್ಟಿದ್ದೊಂದೇ ಅಡ್ಡಿ.

ವರ್ಜೀನಿಯಾ 1927ರ ಅಕ್ಟೋಬರ್‌ನಲ್ಲೇ ‘ಓರ್ಲ್ಯಾಂಡೋ’ ಶುರು ಮಾಡಿದ್ದರು. ಆ ಹೊತ್ತಿಗೆ ವೀಟಾ ಮನಸ್ಸು ಬೇರೊಬ್ಬ ಹೆಣ್ಣಿನ ಕಡೆ ವಾಲಿತ್ತು ಅನ್ನೋದೂ ನೆನಪಿರಲಿ. ಕಥಾನಾಯಕ ಓರ್ಲ್ಯಾಂಡೋ ಮೊದಲನೇ ಎಲಿಜಬೆತ್ ಕಾಲದ ಸುಂದರ ಹುಡುಗ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ದಿನಗಟ್ಟಲೆ ನಿದ್ದೆ ಮಾಡಿ ಎದ್ದಾಗ ಹೆಣ್ಣಾಗಿರ್ತಾನೆ. ಮನುಷ್ಯ ಅದೇ, ಮನಸ್ಸೂ ಅದೇ. ಆದರೆ ಊರಿಗೆ ಬಂದರೆ ಆಸ್ತಿ ಮೇಲೆ ಕೇಸು! ಅದು ತಲೆಮಾರುಗಟ್ಟಲೆ ನಡೆದು, ಕೊನೆಗೆ ಮನೆ ಓರ್ಲ್ಯಾಂಡೋಗೇ ಉಳಿಯುತ್ತೆ. ಕಾನೂನು ವೀಟಾಗೆ ಕೊಡದೇ ಹೋದದ್ದನ್ನು ವರ್ಜೀನಿಯಾ ಕಥೆಯಲ್ಲಿ ಕೊಟ್ಟರು.

ಇದನ್ನೆಲ್ಲ ನೇರವಾಗಿ ಬರೀಬಹುದಿತ್ತಲ್ಲ? ಆಗ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಗಂಡಸರ ಸಲಿಂಗ ಸಂಬಂಧ ಅಪರಾಧವಾಗಿತ್ತು. 1921ರಲ್ಲಿ ಹೆಂಗಸರನ್ನೂ ಅದಕ್ಕೆ ಸೇರಿಸುವ ಪ್ರಸ್ತಾವ ಬಂದು ಲಾರ್ಡ್ಸ್ ಸಭೆಯಲ್ಲಿ ಬಿದ್ದುಹೋಯ್ತು. ಉದಾರತೆಯಿಂದಲ್ಲ. ಕಾನೂನು ಮಾಡಿದರೆ ಗೊತ್ತಿಲ್ಲದ ಹೆಂಗಸರಿಗೂ ವಿಷಯ ಗೊತ್ತಾಗಿಬಿಡುತ್ತಲ್ಲ ಅನ್ನೋ ಭಯ! 1928ರಲ್ಲೇ ರ‍್ಯಾಡ್‌ಕ್ಲಿಫ್ ಹಾಲ್ ಅವರು ಹೆಣ್ಣು-ಹೆಣ್ಣಿನ ಪ್ರೀತಿಯನ್ನು ನೇರವಾಗಿ ಬರೆದ ‘ದಿ ವೆಲ್ ಆಫ್ ಲೋನ್ಲಿನೆಸ್’ ಕೋರ್ಟ್ ಮೆಟ್ಟಿಲೇರಿತು. ಪುಸ್ತಕದ ಪರ ಸಾಕ್ಷಿ ಹೇಳೋಕೆ ವರ್ಜೀನಿಯಾ ಸಿದ್ಧರಿದ್ದರು. ಸಾಹಿತಿಗಳ ಮಾತು ಬೇಡ ಅಂದರು ಮ್ಯಾಜಿಸ್ಟ್ರೇಟರು. ನವೆಂಬರ್‌ನಲ್ಲಿ ಅದು ಅಶ್ಲೀಲ, ಪ್ರತಿಗಳನ್ನು ನಾಶಮಾಡಿ ಅಂತ ತೀರ್ಪು ಬಂತು.

ಅದಕ್ಕೆ ಒಂದು ತಿಂಗಳು ಮುಂಚೆ, ಅಕ್ಟೋಬರ್ 11ರಂದು, ‘ಓರ್ಲ್ಯಾಂಡೋ’ ಹೊರಬಂದಿತ್ತು. ವೀಟಾಗೆ ಅರ್ಪಣೆ, ಒಳಗೆ ವೀಟಾ ಅವರದೇ ಮೂರು ಫೋಟೋ, ಜೊತೆಗೆ ‘ಒಂದು ಜೀವನಚರಿತ್ರೆ’ ಅನ್ನೋ ಉಪಶೀರ್ಷಿಕೆ. ಆದರೂ ಯಾರೂ ಕೇಸು ಹಾಕಲಿಲ್ಲ. ಮುನ್ನೂರು ವರ್ಷ ಬದುಕಿ, ಮಧ್ಯದಲ್ಲಿ ಲಿಂಗ ಬದಲಾಗುವ ಪಾತ್ರದ ಮೇಲೆ ಯಾವ ಕಲಂ ಹಾಕ್ತೀರಿ? ತಮಾಷೆಯೇ ಇಲ್ಲಿ ಗುರಾಣಿ. ಜನ ನಕ್ಕರು, ಕೊಂಡು ಓದಿದರು. ಮೊದಲ ಆರು ತಿಂಗಳಲ್ಲೇ 8 ಸಾವಿರಕ್ಕೂ ಹೆಚ್ಚು ಪ್ರತಿ ಹೋಯ್ತು.

ಹಾಗಾಗಿ ನನಗನ್ನಿಸೋದು, ಈ ಪ್ರೀತಿ ವರ್ಜೀನಿಯಾಗೆ ಬರೀ ವಸ್ತು ಕೊಡಲಿಲ್ಲ, ಬರೆಯುವ ದಾರಿಯನ್ನೂ ಬದಲಾಯಿಸಿತು. ಕಾಲ, ಲಿಂಗ, ಜೀವನಚರಿತ್ರೆ ಇವೆಲ್ಲ ಇಷ್ಟು ಸಲೀಸಾಗಿ ಬಾಗಿದ್ದು, ಹೇಳಲೇಬೇಕಾದ್ದನ್ನು ಹೇಳುವಂತಿರಲಿಲ್ಲ ಅನ್ನೋ ಕಾರಣಕ್ಕೆ.

ಕೊನೆಯದಾಗಿ ಒಂದು ವಿಷಯ. ‘ಓರ್ಲ್ಯಾಂಡೋ’ದ ಹಸ್ತಪ್ರತಿಯನ್ನು ವರ್ಜೀನಿಯಾ ವೀಟಾಗೇ ಕೊಟ್ಟರು. ವೀಟಾಗೆ ನೋಲ್ ಸಿಗಲೇ ಇಲ್ಲ. ಹಸ್ತಪ್ರತಿ ಮಾತ್ರ ಇವತ್ತು ಆ ಮನೆಯಲ್ಲೇ ಇದೆ.

ಓದಿಲ್ಲದವರು ವುಲ್ಫ್ ಅವರನ್ನು ಇಲ್ಲಿಂದಲೇ ಶುರು ಮಾಡಿ. ಮತ್ತೆ ಸಿಗೋಣ.