ಕಣ್ಣಿಗಿಂತ ಮೊದಲು ಮುಂಗೈ

"ಮೋತಿಬಿಂದು ಇರೋದು ಕಣ್ಣಾಗ, ಸೂಜಿ ಯಾಕ ಕೈಗೆ ಚುಚ್ಚತೀರಿ?" ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಯಾವ ಅಜ್ಜಿಯಾದರೂ ಕೇಳಬಹುದಾದ ಪ್ರಶ್ನೆ. ಅಷ್ಟೊತ್ತಿಗೆ ಶುಗರ್, ಬಿ.ಪಿ. ನೋಡಿ ಆಗಿರುತ್ತದೆ. ಕಣ್ಣೀರಿನ ನಾಳಕ್ಕೆ ನೀರು ಹಾಯಿಸಿ, ಅದು ಕಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡಿರುತ್ತಾರೆ. ರೆಪ್ಪೆಯ ಸುತ್ತ ಕುರು, ಕೀವು ಏನಾದರೂ ಇದೆಯೇ ಎಂದು ಚರ್ಮವನ್ನೂ ನೋಡಿರುತ್ತಾರೆ. ಆಮೇಲೆ ಹಲವು ಆಸ್ಪತ್ರೆಗಳಲ್ಲಿ ನರ್ಸ್ ಬಂದು ಮುಂಗೈಯ ಒಳಭಾಗದಲ್ಲಿ ಚರ್ಮದಡಿಗೆ ಹನಿಯಷ್ಟು ಔಷಧ ಬಿಟ್ಟು, ಸುತ್ತ ಪೆನ್ನಿನಿಂದ ಗೆರೆ ಹಾಕಿ, "ಯವ್ವಾ, ಕೆರಕೋಬ್ಯಾಡ, ಸ್ವಲ್ಪ ಹೊತ್ತು ಕುಂದ್ರು" ಅನ್ನುತ್ತಾಳೆ. ಅಲ್ಲಿ ದದ್ದು ಎದ್ದರೆ ಆಪರೇಶನ್ ನಿಲ್ಲಬಹುದು.

ಆ ಹನಿ ಲಿಡೊಕೇನ್. ಆಸ್ಪತ್ರೆಯವರ ಬಾಯಲ್ಲಿ ಝೈಲೋಕೇನ್. ಕಣ್ಣುಗುಡ್ಡೆಯ ಪಕ್ಕ ಚುಚ್ಚಿ ನೋವು ತಡೆಯುವ ಮದ್ದು. ಇದರ ಹಿಂದೆ ಎರಡು ನಾಲಿಗೆಗಳ ಕತೆಯಿದೆ.

ಮೊದಲನೆಯದು ವಿಯೆನ್ನಾದ್ದು. 1884ರಲ್ಲಿ ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಕಾರ್ಲ್ ಕೋಲರ್ ಎಂಬ ಇನ್ನೂ ಮೂವತ್ತು ದಾಟದ ವೈದ್ಯನಿದ್ದ. ಈಥರ್, ಕ್ಲೋರೋಫಾರ್ಮ್ ಬಂದು ಆಗಲೇ ಎಷ್ಟೋ ವರ್ಷವಾಗಿತ್ತು, ಆದರೆ ಕಣ್ಣಿನ ವೈದ್ಯರಿಗೆ ಅವು ಒಗ್ಗಿರಲಿಲ್ಲ. ಎಚ್ಚರಾದ ರೋಗಿ ವಾಂತಿ ಮಾಡಿಕೊಂಡರೆ ಆ ಬಿರುಸಿಗೆ ಕಣ್ಣಿನ ಗಾಯವೇ ಬಿರಿಯುವ ಭಯ. ಮದ್ದು ಕೊಡದಿದ್ದರೆ ಎಚ್ಚರವಿದ್ದವರನ್ನು ಹಿಡಿದು ಕೂರಿಸಿ ಕಣ್ಣಿಗೆ ಕತ್ತಿ ತಾಗಿಸಬೇಕು. ಕೋಲರ್ ಮಾರ್ಫೀನನ್ನೂ ಇನ್ನೂ ಕೆಲವನ್ನೂ ಕಣ್ಣಿಗೆ ಹಾಕಿ ನೋಡಿ ಸೋತಿದ್ದ.

ಆತನ ಗೆಳೆಯ ಸಿಗ್ಮಂಡ್ ಫ್ರಾಯ್ಡ್ ಆಗ ಕೊಕೇನಿನ ಗುಂಗಿನಲ್ಲಿದ್ದ. ಅದು ದಣಿವು ನೀಗುತ್ತದೆ, ಮನಸ್ಸಿಗೆ ಹುರುಪು ತರುತ್ತದೆ ಎಂಬುದೇ ಅವನ ಆಸಕ್ತಿ. ಒಂದು ದಿನ ಎಂಗಲ್ ಎಂಬ ಸಹೋದ್ಯೋಗಿ ಅದನ್ನು ಚಾಕುವಿನ ತುದಿಯಲ್ಲಿ ನೆಕ್ಕಿ, ನಾಲಿಗೆ ಜೋಮು ಹಿಡಿಯುತ್ತಲ್ಲ ಎಂದ. ಹೌದು, ತಿಂದವರೆಲ್ಲ ಹೇಳುವುದೇ ಅದು, ಎಂದ ಕೋಲರ್. ಎಂದವನಿಗೇ ಥಟ್ಟನೆ ಹೊಳೆಯಿತು: ನಾಲಿಗೆ ಮರಗಟ್ಟುವುದಾದರೆ ಕಣ್ಣೇಕೆ ಮರಗಟ್ಟಬಾರದು? ನೇರ ಪ್ರಯೋಗಾಲಯಕ್ಕೆ ಹೋದ. ಕಪ್ಪೆಯ ಕಣ್ಣು, ಮೊಲದ್ದು, ನಾಯಿಯದ್ದು, ಕೊನೆಗೆ ತನ್ನದು ಮತ್ತು ಜೊತೆಗಿದ್ದ ಗೇರ್ಟ್ನರನದು. ಇಬ್ಬರೂ ಕನ್ನಡಿ ಮುಂದೆ ನಿಂತು ಗುಂಡುಸೂಜಿಯ ತಲೆಯಿಂದ ಕಣ್ಣು ಮುಟ್ಟಿಕೊಂಡರು. ಏನೂ ಗೊತ್ತಾಗಲಿಲ್ಲ.

ಹೈಡಲ್‌ಬರ್ಗಿನ ನೇತ್ರವೈದ್ಯರ ಸಭೆಗೆ ಹೋಗಲು ಅವನ ಹತ್ತಿರ ಹಣವಿರಲಿಲ್ಲ. ಸೆಪ್ಟೆಂಬರ್ 15ರಂದು ಅವನ ಪ್ರಬಂಧವನ್ನು ಬೇರೊಬ್ಬರು ಓದಿದರು. ನನಗೆ ಸೋಜಿಗವೆನಿಸುವುದು ಇನ್ನೊಂದು: ಕೊಕೇನನ್ನು ಕೋಕಾ ಎಲೆಯಿಂದ ಬೇರ್ಪಡಿಸಿದ ಆಲ್ಬರ್ಟ್ ನೀಮನ್, ಅದು ನಾಲಿಗೆಯನ್ನು ಮರಗಟ್ಟಿಸುತ್ತದೆಂದು 1860ರಲ್ಲೇ ಬರೆದಿಟ್ಟಿದ್ದ. ಆ ಸಾಲು ಇಪ್ಪತ್ತನಾಲ್ಕು ವರ್ಷ ಹಾಗೇ ಬಿದ್ದಿತ್ತು. ಕಣ್ಣಿನ ನೋವನ್ನೇ ತಲೆಯಲ್ಲಿ ಹೊತ್ತು ತಿರುಗುತ್ತಿದ್ದವನಿಗೆ ಮಾತ್ರ ಅದು ಕೇಳಿಸಿತು.

ಕೊಕೇನಿನ ಪೀಡೆಯೂ ಬೇಗ ತಿಳಿಯಿತು: ಚಟ, ಸಾವು, ಕಣ್ಣಿನ ಕರಿಗುಡ್ಡೆಯ ಮೇಲ್ಪದರಕ್ಕೆ ಹಾನಿ. 1905ರ ಹೊತ್ತಿಗೆ ಬಂದ ಪ್ರೊಕೇನ್ ಸೌಮ್ಯ, ಆದರೆ ಅಲರ್ಜಿಯ ಕಾಟವಿತ್ತು.

ಎರಡನೆಯ ನಾಲಿಗೆ ಸ್ವೀಡನ್ನಿನದು. 1930ರ ದಶಕದಲ್ಲಿ ನೊಬೆಲ್ ವಿಜೇತ ಹಾನ್ಸ್ ಫಾನ್ ಆಯ್ಲರ್ ಸ್ಟಾಕ್‌ಹೋಮಿನಲ್ಲಿ ಹಸಿರು ಬಣ್ಣವಿಲ್ಲದ ಜವೆಗೋಧಿಯ ತಳಿಗಳನ್ನು ಅಭ್ಯಸಿಸುತ್ತಿದ್ದ. ಅದರಲ್ಲಿ ಗ್ರಾಮೀನ್ ಎಂಬ ವಸ್ತು ಸಿಕ್ಕಿತು. ಅದರ ರಚನೆ ಬಿಡಿಸಲು ಹೊರಟ ಹೋಲ್ಗರ್ ಎರ್ಟ್‌ಮನ್ ಅದರ ದಾಯಾದಿಯಂಥ ಐಸೊಗ್ರಾಮೀನನ್ನು ತಯಾರಿಸಿ ನಾಲಿಗೆಗೆ ಮುಟ್ಟಿಸಿ ನೋಡಿದ. ಮತ್ತೆ ಜೋಮು! ರಸಾಯನಶಾಸ್ತ್ರಜ್ಞರು ಮಾಡಿದ್ದನ್ನು ನೆಕ್ಕಿ ನೋಡುತ್ತಿದ್ದ ಕಾಲವದು. ಇಂದು ಹಾಗೆ ಮಾಡಿದರೆ ಪ್ರಯೋಗಾಲಯದಿಂದ ಹೊರಗೆ ಹಾಕುತ್ತಾರೆ. ಅವನ ಶಿಷ್ಯ ನಿಲ್ಸ್ ಲೋಫ್‌ಗ್ರೆನ್ ಒಂದರ ಹಿಂದೊಂದು ಹೊಸ ಸಂಯುಕ್ತ ಮಾಡುತ್ತ ಹೋದ. ಬೆಂಗ್ಟ್ ಲುಂಡ್‌ಕ್ವಿಸ್ಟ್ ಎಂಬ ಯುವಕ ಅವನ್ನು ತನ್ನ ಮೈಗೇ ಚುಚ್ಚಿಕೊಂಡು ನೋಡಿದ. 1943ರಲ್ಲಿ ಹೊರಬಂದ ಎಲ್‌ಎಲ್‌30 ಎಂಬುದೇ ಲಿಡೊಕೇನ್. ಹಕ್ಕು ಕೊಂಡ ಅಸ್ತ್ರಾ ಕಂಪನಿ 1948ರಲ್ಲಿ ಮಾರುಕಟ್ಟೆಗೆ ತಂದಿತು.

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರು ಸುತ್ತಿ, ಒಂದೇ ದಿನ ನೂರಾರು ಮಂದಿಯ ಪೊರೆ ತೆಗೆದದ್ದನ್ನು ಈ ಭಾಗದ ಹಿರಿಯರು ಇನ್ನೂ ನೆನೆಯುತ್ತಾರೆ. ಕಣ್ಣನ್ನಷ್ಟೇ ಮರಗಟ್ಟಿಸುವ ಮದ್ದುಗಳಿಲ್ಲದೆ ಅಂಥ ಶಿಬಿರಗಳನ್ನು ಊಹಿಸಲಾಗದು.

ಇನ್ನು ಮುಂಗೈಯ ಸೂಜಿ. ಲಿಡೊಕೇನಿಗೆ ನಿಜವಾದ ಅಲರ್ಜಿ ತೀರಾ ಅಪರೂಪ. ಆಗುವ ತೊಂದರೆಗಳು ಬಹುಪಾಲು ಬೇರೆಯವು: ಹೆದರಿ ತಲೆ ಸುತ್ತುವುದು, ಮದ್ದು ರಕ್ತನಾಳಕ್ಕೆ ಹೋಗುವುದು, ಪ್ರಮಾಣ ಹೆಚ್ಚಾಗುವುದು. ಇವು ಯಾವುವೂ ಮುಂಗೈಯಲ್ಲಿ ಕಾಣವು. ಹಾಗಾಗಿ ಎಲ್ಲರಿಗೂ ಚುಚ್ಚಿ ನೋಡುವುದರ ಉಪಯೋಗ ಕಡಿಮೆ ಎಂದೇ ನನ್ನೆಣಿಕೆ. ಹಿಂದೆ ಹಲ್ಲು ಕೀಳಿಸುವಾಗ ಮೈತುಂಬ ಗಂಧೆ ಎದ್ದಿತ್ತೇ, ಉಸಿರು ಕಟ್ಟಿತ್ತೇ ಎಂದು ಕೇಳಿ ಕೇಸ್ ಪೇಪರಿನಲ್ಲಿ ಬರೆದುಕೊಂಡರೆ ಹೆಚ್ಚು ತಿಳಿಯುತ್ತದೆ. ಅಜ್ಜಿಗೆ ನೆನಪಿಲ್ಲದಿದ್ದರೆ ಜೊತೆಗೆ ಬಂದ ಸೊಸೆಯನ್ನು ಕೇಳಬಹುದು. ನುಂಗುವ ಗುಳಿಗೆಗಳ ಚೀಟಿಯನ್ನೂ ತರಿಸಬೇಕು. ಮೂತ್ರ ಕಟ್ಟುವುದಕ್ಕೆ ಟ್ಯಾಮ್ಸುಲೋಸಿನ್ ನುಂಗುವ ಅಜ್ಜಂದಿರಲ್ಲಿ ಪಾಪೆಯ ಸುತ್ತಲಿನ ಪರದೆ ಆಪರೇಶನ್ ನಡುವೆ ಸಡಿಲಾಗಿ ಅಲುಗಾಡಬಹುದು. ಅಮೆರಿಕದ ಇಬ್ಬರು ವೈದ್ಯರು ಇದನ್ನು ಗುರುತಿಸಿ ಬರೆದದ್ದು 2005ರಲ್ಲಿ, ಅದೂ ರೋಗಿಗಳ ಗುಳಿಗೆ ಪಟ್ಟಿ ನೋಡಿ.