ಅರ್ಧ ಬದಲಾದ ಲೆಕ್ಕದ ಪುಸ್ತಕ

ಹಳೆಯ ವರ್ತಕರ ಬಳಿ ಎರಡು ಪುಸ್ತಕಗಳಿರುತ್ತಿದ್ದವು. ವ್ಯವಹಾರವನ್ನು ಮೊದಲು ದಿನವಹಿಯಲ್ಲಿ ಬರೆದು, ಆಮೇಲೆ ಆಯಾ ಗಿರಾಕಿಯ ಖಾತೆಗೆ ಏರಿಸುವುದು ಪದ್ಧತಿ. ಗುಮಾಸ್ತ ನಡುವೆ ಎದ್ದುಹೋದರೂ ಚಿಂತೆಯಿಲ್ಲ. ದಿನವಹಿ ನೋಡಿ ಖಾತೆಯನ್ನು ಸರಿಪಡಿಸಬಹುದು. ಕಂಪ್ಯೂಟರಿನ ಲೆಕ್ಕಕ್ಕೂ ಇಂಥ ದಿನವಹಿ ಬೇಕೆಂಬ ತಿಳಿವಳಿಕೆ ಜಾಲತಾಣಗಳ ಲೋಕದಲ್ಲಿ ನಿಧಾನವಾಗಿ ಬೇರೂರಿತು.

ಜಾಲತಾಣದ ಲೇಖನ, ಪ್ರತಿಕ್ರಿಯೆ, ಸದಸ್ಯರ ಹೆಸರು ಮುಂತಾದವು ಡೇಟಾಬೇಸಿನ ಕೋಷ್ಟಕಗಳಲ್ಲಿ ಇರುತ್ತವೆ. ಅವನ್ನು ಜೋಡಿಸಿ ಪುಟವಾಗಿ ತೋರಿಸುವ ತಂತ್ರಾಂಶಗಳಲ್ಲಿ ಬೆಲ್ಜಿಯಂನ ಡ್ರೀಸ್ ಬಾಯ್ತಾರ್ಟ್ 2001ರಲ್ಲಿ ಹೊರತಂದ ದ್ರುಪಾಲ್ ಪ್ರಸಿದ್ಧವಾದುದು. ಅಮೆರಿಕದ ಶ್ವೇತಭವನದ ಜಾಲತಾಣವೂ 2009ರಲ್ಲಿ ಇದನ್ನೇ ಆರಿಸಿಕೊಂಡಿತು. ದ್ರುಪಾಲ್‌ನ ಬೆನ್ನಿಗೆ ಹೆಚ್ಚಾಗಿ ಇರುವುದು 1995ರಲ್ಲಿ ಹುಟ್ಟಿದ ಮೈಎಸ್‌ಕ್ಯುಎಲ್ ಡೇಟಾಬೇಸ್. ಅದರದೊಂದು ವೈಶಿಷ್ಟ್ಯವುಂಟು: ಪ್ರತಿ ಕೋಷ್ಟಕವನ್ನೂ ಯಾವ ಬಗೆಯಲ್ಲಿ ಡಿಸ್ಕಿನಲ್ಲಿ ಇಡಬೇಕೆಂದು ಬೇರೆ ಬೇರೆಯಾಗಿ ಹೇಳಬಹುದು. ಈ ಬಗೆಗೆ ‘ಸಂಗ್ರಹ ಎಂಜಿನ್’ ಎಂದು ಹೆಸರು.

ಮೊದಲಿಗೆ ರೂಢಿಯಲ್ಲಿದ್ದುದು ಮೈಐಸ್ಯಾಮ್. ಅದು ಹಗುರ, ಓದುವುದಕ್ಕೆ ಚುರುಕು. ಆದರೆ ಒಂದು ಸಾಲು ತಿದ್ದಬೇಕಾದರೂ ಇಡೀ ಕೋಷ್ಟಕಕ್ಕೆ ಬೀಗ ಹಾಕುತ್ತದೆ. ಅದಕ್ಕೆ ದಿನವಹಿಯೂ ಇಲ್ಲ. ವಿದ್ಯುತ್ ಕೈಕೊಟ್ಟರೆ ಅರ್ಧ ಬರೆದದ್ದು ಅರ್ಧವೇ. ಫಿನ್‌ಲೆಂಡಿನ ಹೈಕ್ಕಿ ತೂರಿ ರಚಿಸಿದ ಇನ್ನೋಡಿಬಿ 2001ರಲ್ಲಿ ಮೈಎಸ್‌ಕ್ಯುಎಲ್‌ಗೆ ಸೇರಿತು. ಅದು ಬೀಗ ಹಾಕುವುದು ತಿದ್ದುವ ಸಾಲಿಗೆ ಮಾತ್ರ. ಬದಲಾವಣೆಯನ್ನು ಮೊದಲು ದಿನವಹಿಯಲ್ಲಿ ಗುರುತಿಸಿಕೊಳ್ಳುತ್ತದೆ. ಕೆಲಸ ಪೂರ್ತಿಯಾಗದಿದ್ದರೆ ಮೊದಲಿನ ಸ್ಥಿತಿಗೇ ಮರಳಿಸುತ್ತದೆ. 2010ರ ಡಿಸೆಂಬರಿನಲ್ಲಿ ಬಂದ 5.5ನೇ ಆವೃತ್ತಿಯಲ್ಲಿ ಇದೇ ರೂಢಿಯ ಎಂಜಿನ್ ಆಯಿತು.

ಮರುತಿಂಗಳೇ, 2011ರ ಜನವರಿಯಲ್ಲಿ, ದ್ರುಪಾಲ್ 7 ಬಂತು. ಅದು ಹೊಸದಾಗಿ ತೆರೆಯುವ ಕೋಷ್ಟಕಗಳೆಲ್ಲ ಇನ್ನೋಡಿಬಿಯವು. ತೊಡಕು ಇದ್ದುದು ಹಳೆಯ ತಾಣಗಳಲ್ಲಿ. 6ನೇ ಆವೃತ್ತಿಯಿಂದ 7ಕ್ಕೆ ಏರಿಸಿದಾಗ ಹಳೆಯ ಕೋಷ್ಟಕಗಳು ಮೈಐಸ್ಯಾಮ್‌ನಲ್ಲೇ ಉಳಿಯುತ್ತಿದ್ದವು. ಲೇಖನದ ಶೀರ್ಷಿಕೆ ಇರುವುದು ಹಳೆಯ ಕೋಷ್ಟಕದಲ್ಲಿ, ಒಡಲು ಹೊಸದರಲ್ಲಿ. ಉಳಿಸುವಾಗ ನಡುವೆ ದೋಷ ಬಂದರೆ ದ್ರುಪಾಲ್ ‘ಎಲ್ಲವನ್ನೂ ರದ್ದುಮಾಡು’ ಎನ್ನುತ್ತದೆ. ಇನ್ನೋಡಿಬಿ ಒಡಲನ್ನು ಅಳಿಸುತ್ತದೆ. ಮೈಐಸ್ಯಾಮ್‌ಗೆ ರದ್ದತಿ ಎಂಬುದೇ ಗೊತ್ತಿಲ್ಲ. ಉಳಿಯುವುದು ಒಡಲಿಲ್ಲದ ಶೀರ್ಷಿಕೆ. ಎಲ್ಲವೂ ಹಳೆಯದಾಗಿದ್ದರೆ ನಿರ್ವಾಹಕ ಎಚ್ಚರದಿಂದಿರುತ್ತಾನೆ. ಅರ್ಧ ಬದಲಾದಾಗ ಇಲ್ಲದ ರಕ್ಷಣೆಯನ್ನು ನಂಬಿ ಕೂರುತ್ತಾನೆ. ಅಪಾಯವಿರುವುದು ಅಲ್ಲಿ.

ಪರಿಹಾರ ಕಷ್ಟದ್ದಲ್ಲ. ಒಂದೊಂದು ಕೋಷ್ಟಕಕ್ಕೂ ಒಂದು ಸಾಲಿನ ಆದೇಶ ಸಾಕು. ಆದರೆ ಆ ಆದೇಶ ಕೋಷ್ಟಕವನ್ನು ಮೊದಲಿನಿಂದ ನಕಲು ಮಾಡಿ ಬರೆಯುತ್ತದೆ. ಅಷ್ಟು ಹೊತ್ತು ತಾಣದಲ್ಲಿ ಬರವಣಿಗೆ ನಿಲ್ಲಬೇಕು, ಡಿಸ್ಕಿನಲ್ಲಿ ಎರಡನೆಯ ಪ್ರತಿಗೂ ಜಾಗವಿರಬೇಕು. ಎಲ್ಲಕ್ಕಿಂತ ಮೊದಲು ಇಡೀ ಡೇಟಾಬೇಸಿನ ಪ್ರತಿಯೊಂದನ್ನು ಬೇರೆಡೆ ತೆಗೆದಿಟ್ಟು, ಅದು ತೆರೆಯುತ್ತದೆಯೇ ಎಂದು ನೋಡಿರಬೇಕು. ಬೆಲೆಯೂ ಉಂಟು. ಒಟ್ಟು ಸಾಲುಗಳೆಷ್ಟು ಎಂದು ಕೇಳಿದರೆ ಮೈಐಸ್ಯಾಮ್ ಬರೆದಿಟ್ಟ ಸಂಖ್ಯೆಯನ್ನು ಥಟ್ಟನೆ ಹೇಳುತ್ತದೆ, ಇನ್ನೋಡಿಬಿ ಎಣಿಸಿ ಹೇಳುತ್ತದೆ. ಪಠ್ಯದೊಳಗೆ ಪದ ಹುಡುಕುವ ಸೌಲಭ್ಯ ಇನ್ನೋಡಿಬಿಗೆ ದಕ್ಕಿದ್ದು 2013ರ 5.6ನೇ ಆವೃತ್ತಿಯಲ್ಲಿ.

ದ್ರುಪಾಲ್ 7ರ ಅಧಿಕೃತ ಬೆಂಬಲ 2025ರ ಜನವರಿಯಲ್ಲಿ ಮುಗಿಯಿತು. ಆದರೆ ಹಳೆಯದನ್ನು ಬಿಡುವುದು ಎಷ್ಟು ನಿಧಾನದ ಕೆಲಸವೆಂಬುದಕ್ಕೆ ಮೈಎಸ್‌ಕ್ಯುಎಲ್‌ನ ಸ್ವಂತ ಮನೆಯೇ ಸಾಕ್ಷಿ: ಬಳಕೆದಾರರಿಗೆ 2010ರಲ್ಲೇ ಇನ್ನೋಡಿಬಿಯನ್ನು ರೂಢಿಯಾಗಿಸಿದ ಅದು, ತನ್ನ ಒಳಗಿನ ಕೋಷ್ಟಕಗಳನ್ನು ಅದಕ್ಕೆ ಸಾಗಿಸಿದ್ದು 2018ರ 8.0 ಆವೃತ್ತಿಯಲ್ಲಿ.