ಗೋದಾಮಿನಲ್ಲಿ ಭತ್ತ ಗಿಟ್ಟೀತೇ?

ಪ್ರಶ್ನೆ: ಶಿವಮೊಗ್ಗದಲ್ಲಿರುವ ನಮ್ಮ ಖಾಲಿ ಗೋದಾಮಿನಲ್ಲಿ ದೀಪದ ಬೆಳಕಿನಡಿ ಭತ್ತ ಬೆಳೆದರೆ ಲಾಭವುಂಟೇ?

ಉತ್ತರ: ಇಲ್ಲ. ಪಕ್ಕದ ಭದ್ರಾವತಿಯ ಗದ್ದೆಗೆ ಬಿಸಿಲು ಪುಕ್ಕಟೆ, ನೀರು ಭದ್ರಾ ನಾಲೆಯದು. ಗೋದಾಮಿನಲ್ಲಿ ಆ ಬಿಸಿಲಿಗೂ ಕರೆಂಟು ಬಿಲ್ಲು ಕಟ್ಟಬೇಕು. ಬಹುಪಾಲು ನೀರೇ ಆಗಿರುವ ಲೆಟಿಸ್ ಸೊಪ್ಪನ್ನು ಹೀಗೆ ಬೆಳೆಯಲು ಕಿಲೋಗೆ ಕಡಿಮೆಯೆಂದರೂ ಸುಮಾರು 10 ಯೂನಿಟ್ ಬೇಕು; ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 70 ರೂಪಾಯಿ. ಒಣ ಕಾಳಾದ ಭತ್ತಕ್ಕೆ ಇದರ ಎಷ್ಟೋ ಪಟ್ಟು. 2025-26ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ, ಕಿಲೋಗೆ 24 ರೂಪಾಯಿಯೂ ಇಲ್ಲ.

ಆದರೆ ಗೋದಾಮಿನ ಆಸೆ ಬಿಡಬೇಡಿ. ಚಿಪ್ಪು ಅಣಬೆಗೆ ಬಿಸಿಲು ಬೇಡ. ತಂಪು, ತೇವ, ಗಾಳಿಯಾಟ, ಶುಚಿ ಮುಖ್ಯ. ಅದು ಬೆಳೆಯುವುದು ಭತ್ತದ ಹುಲ್ಲಿನ ಮೇಲೆ, ಆ ಹುಲ್ಲು ಭದ್ರಾವತಿಯ ಗದ್ದೆಗಳಲ್ಲೇ ಸಿಗುತ್ತದೆ.